ಕ್ಲಾರೀ ಹೆಬ್ಡನ್ನನ ಅಳತೆಕೋಲು

ಕ್ಲಾರೀ ಹೆಬ್ಡನ್ ಸಂಶಯಪಿಶಾಚಿ. ವಿಲ್ಗಾರಾ ಊರಿನ ಗೋಧಿ ಹೊಲಗಳ ನಡುವಿನ ವಿಮಾನ ಕ್ಲಬ್ಬಿನಲ್ಲಿ ಹತ್ತೊಂಬತ್ತು ವರ್ಷ ಹಾರಾಟ ಕಲಿಸಿದ ಈ ಮನುಷ್ಯ ಒಬ್ಬರ ಮಾತನ್ನಾದರೂ ನಂಬಿದ್ದನ್ನು ಊರು ಕಂಡಿರಲಿಲ್ಲ. ಹವಾಮಾನ ವರದಿ ಓದಿದ ಮೇಲೂ ಹೊರಗೆ ಬಂದು, ಕುರಿಗಳು ಯಾವ ದಿಕ್ಕಿಗೆ ಬೆನ್ನು ಮಾಡಿ ನಿಂತಿವೆ ಎಂದು ನೋಡಿ ಗಾಳಿಯನ್ನು ತೀರ್ಮಾನಿಸುತ್ತಿದ್ದ. ಪೆಟ್ರೋಲಿನ ಮೀಟರನ್ನಂತೂ ಬಟ್ಟೆಯಿಂದ ಮುಚ್ಚಿಯೇಬಿಡುತ್ತಿದ್ದ. ಶಿಷ್ಯರು ಮೆಟ್ಟಿಲೇಣಿ ಹತ್ತಿ, ರೆಕ್ಕೆಯೊಳಗಿನ ಟ್ಯಾಂಕಿಗೆ ಅಳತೆಯ ಗುರುತು ಹಾಕಿದ ಮರದ ಕೋಲು ಇಳಿಸಿ, ಎಷ್ಟಿದೆಯೆಂದು ಹೇಳಬೇಕು. ಹೇಳಿದ ಮೇಲೆ ಅವನು ಕೋಲನ್ನು ಕಿತ್ತುಕೊಂಡು ಪ್ಯಾಂಟಿಗೆ ಒರೆಸಿ, ತಾನೇ ಮತ್ತೊಮ್ಮೆ ಇಳಿಸುತ್ತಿದ್ದ.

ಟೆಲಿಫೋನ್ ಎಕ್ಸ್‌ಚೇಂಜಿನ ನೋಲಾ ಪೆಟಿಫರ್ ಅವನ ಬಳಿ ಹಾರಾಟ ಕಲಿಯುವ ಭಾನುವಾರಗಳಿಗಾಗಿಯೇ ಬದುಕುತ್ತಿದ್ದಳು. ಬಿಸಿಲಿಗೆ ಕಾದ ಸೀಟಿನ ವಾಸನೆ, ಒರಟು ನೆಲದ ಮೇಲೆ ಕುಲುಕುತ್ತಿದ್ದ ಚಕ್ರಗಳು ಥಟ್ಟನೆ ಸುಮ್ಮನಾಗುವ ಗಳಿಗೆ, ಇವು ಅವಳಿಗೆ ಮುಪ್ಪಿನಲ್ಲೂ ನೆನಪಿದ್ದವು. ಆದರೆ ಹದಿನಾರು ಗಂಟೆ ಹಾರಿಯೂ ಕ್ಲಾರೀ ಅವಳನ್ನು ಒಬ್ಬಳೇ ಹೋಗಲು ಬಿಟ್ಟಿರಲಿಲ್ಲ. ಔಷಧದಂಗಡಿಯ ಡಡ್ಲಿ ಕ್ರಿಸ್ಪ್ ಒಂಬತ್ತೇ ಗಂಟೆ ಕಲಿತು ಒಬ್ಬನೇ ಹಾರಿದ್ದ. ತಿಂಗಳ ಕೊನೆಗೆ ಅವಳಿಗೆ ಸಿಡ್ನಿಗೆ ವರ್ಗ; ಅಲ್ಲಿ ಅವಳ ಸಂಬಳಕ್ಕೆ ವಿಮಾನ ಎಟುಕುವುದಿಲ್ಲ.

"ಹೆಂಗಸು ಅಂತ ತಾನೆ ಬಿಡ್ತಿಲ್ಲ?" ಎಂದು ನೇರವಾಗಿಯೇ ಕೇಳಿದಳು.

"ನಾನು ಗಂಡಸರನ್ನೂ ನಂಬಲ್ಲ ತಾಯಿ. ಸಮಾನತೆ ಅನ್ಕೋ."

ಅವಳು ಆ ಮಾತನ್ನು ನಂಬಲಿಲ್ಲ.

ಕೊನೆಯ ಭಾನುವಾರ ಬೆಳಿಗ್ಗೆ ಇಬ್ಬರೂ ಮೂರು ಸುತ್ತು ಹಾಕಿ ಇಳಿದರು. "ಚಹಾ ಆದ್ಮೇಲೂ ಗಾಳಿ ಹಿಂಗೇ ಇದ್ರೆ ಒಬ್ಬಳೇ ಹೋಗು," ಎಂದ ಕ್ಲಾರೀ. ಇದರಲ್ಲೂ ಏನೋ ಮಸಲತ್ತಿದೆ ಎಂದುಕೊಂಡಳು ನೋಲಾ. ಚಹಾ ಮುಗಿಸಿ ಬರುವಷ್ಟರಲ್ಲಿ ಎರಡು ಕುರಿಗಳು ಆಗಲೇ ಬೆನ್ನಿನ ದಿಕ್ಕು ಬದಲಿಸಿದ್ದವು.

"ಟ್ಯಾಂಕು ತುಂಬ್ಸಿಟ್ಟಿದೀನಿ, ಹತ್ತು ಬೇಗ," ಎಂದ ಡಡ್ಲಿ. "ಆ ಮುದುಕ ಮನಸ್ಸು ಬದಲಾಯಿಸೋಕೆ ಮುಂಚೆ."

ಅವಳು ಮೀಟರಿನ ಮೇಲಿನ ಬಟ್ಟೆ ಸರಿಸಿದಳು. ಎರಡೂ ಟ್ಯಾಂಕಿನ ಮುಳ್ಳುಗಳು ತುಂಬಿದೆ ಎನ್ನುತ್ತಿದ್ದವು. ಸುಮ್ಮನೆ ಹತ್ತಿಬಿಡಬಹುದಿತ್ತು. ಅವಳು ಮೆಟ್ಟಿಲು ಎಳೆದು ತಂದಳು.

"ನನ್ನ ಮೇಲೇ ಅನುಮಾನಾನಾ? ನೀನೂ ಅವನ ಥರಾನೇ ಆಗ್ಬಿಟ್ಟೆ."

"ಮೆಟ್ಟಿಲು ಹಿಡ್ಕೊ ಡಡ್ಲಿ, ಮಾತು ಆಮೇಲೆ."

ಬಲ ಟ್ಯಾಂಕು ತುಂಬಿತ್ತು. ಎಡ ಟ್ಯಾಂಕಿನಿಂದ ಬಂದ ಕೋಲು ತುದಿಯಲ್ಲಷ್ಟೇ ಒದ್ದೆಯಾಗಿತ್ತು. ಡಡ್ಲಿಯ ಮುಖ ಬಿಳುಪೇರಿತು. "ಅಯ್ಯೋ, ನಡುವೆ ಯಾರೋ ಫೋನಿಗೆ ಕರೆದ್ರು... ಈ ಕಡೆ ಹಾಕಿದೆ ಅಂತಲೇ ಅನ್ಕೊಂಡಿದ್ದೆ."

ಪೆಟ್ರೋಲು ಸುರಿಯಲು ಇನ್ನೂ ಹತ್ತು ನಿಮಿಷ ಹೋಯಿತು. ನೋಲಾ ಕುರಿಗಳ ಕಡೆ ನೋಡಲೇ ಇಲ್ಲ. ಮತ್ತೆ ಕೋಲು ಇಳಿಸಿ, ಓದಿ, ಕೆಳಗಿಳಿದಾಗ ಕ್ಲಾರೀ ಹಿಂದೆಯೇ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ.

"ಎಷ್ಟು?"

"ಎರಡೂ ಕಡೆ ಹತ್ತೂವರೆ ಗ್ಯಾಲನ್."

ಅವನು ಕೈಚಾಚಿದ. ಅವಳು ಕೋಲು ಕೊಟ್ಟು, ಅವನಿಗೆ ದಾರಿ ಬಿಟ್ಟು ಮೆಟ್ಟಿಲಿನ ಪಕ್ಕಕ್ಕೆ ಸರಿದಳು. ಇನ್ನಷ್ಟು ಹೊತ್ತು ಹೋಗುತ್ತದೆ, ಆಮೇಲೆ ಗಾಳಿಯ ನೆಪ ಹೇಳುತ್ತಾನೆ ಎಂದುಕೊಂಡಳು.

ಕ್ಲಾರೀ ಕೋಲನ್ನು ಪ್ಯಾಂಟಿಗೆ ಒರೆಸಿದ. ಮೆಟ್ಟಿಲನ್ನು ರೆಕ್ಕೆಯಡಿಯಿಂದ ಪಕ್ಕಕ್ಕೆ ಎಳೆದಿಟ್ಟ. ಕೋಲನ್ನು ಸೀಟಿನ ಹಿಂದಿನ ಚೀಲಕ್ಕೆ ಸೇರಿಸಿ, ಅವಳು ಹತ್ತುವವರೆಗೆ ಬಾಗಿಲು ಹಿಡಿದು ನಿಂತ.

"ಕುರಿ ಪೂರ್ತಿ ತಿರುಗೋದ್ರೊಳಗೆ ಇಳಿದ್ಬಿಡು," ಎಂದು ಹೊರಗಿನಿಂದ ಬಾಗಿಲು ಮುಚ್ಚಿದ.