ಕೊಡೆಯ ಆಲ್ಬಮ್ಮೂ ಟೈಲರನ ಮೀಸೆಯೂ

ಟೈಲರನ ಮೀಸೆ ಅಂತಿಂಥ ಮೀಸೆಯಲ್ಲ. ಇಪ್ಪತ್ತೆರಡು ವರ್ಷ ಎಣ್ಣೆ ಕುಡಿದು ಬೆಳೆದದ್ದು. ಅಂಗಡಿಗೆ ಬಂದವರು ಮೊದಲು ಮೀಸೆಯನ್ನು ನೋಡಿ, ಆಮೇಲೆ ಅದರ ಹಿಂದೆ ಒಬ್ಬ ಮನುಷ್ಯನಿದ್ದಾನೆಂದು ಗಮನಿಸಿ ನಮಸ್ಕಾರ ಹೇಳುತ್ತಿದ್ದರು. ಅಂಥ ಮೀಸೆಯನ್ನು ಈ ಮಹಾನುಭಾವ ಒಂದು ರಾಕ್ ಬ್ಯಾಂಡಿಗಾಗಿ ಪಣಕ್ಕಿಟ್ಟ. ಅವತ್ತು ಅವನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ!

ಆ ಬ್ಯಾಂಡಿನವರು ಹೊರತಂದದ್ದು ನಾಲ್ಕೇ ಆಲ್ಬಂ. ನಾಲ್ಕರ ಕ್ಯಾಸೆಟ್ಟುಗಳೂ ಅವನ ಕತ್ತರಿಯ ಪಕ್ಕದಲ್ಲೇ ಇರುತ್ತಿದ್ದವು. ಬೆಳಿಗ್ಗೆ ಬಾಗಿಲು ತೆಗೆದದ್ದೇ ತಡ, ಹಾಡು ಶುರು. ಮೆಷಿನ್ ತುಳಿಯುವ ಕಾಲು ಡ್ರಮ್ಮಿನ ಜೊತೆಗೇ ಆಡಬೇಕು. ಹೊದಿಕೆಯ ಮೇಲೆ ಕೊಡೆಯ ಚಿತ್ರವಿದ್ದ ಎರಡನೆಯ ಆಲ್ಬಮ್ಮೇ ಎಲ್ಲಕ್ಕಿಂತ ದೊಡ್ಡದು ಎಂಬುದು ಅವನ ಖಡಾಖಂಡಿತ ತೀರ್ಮಾನ. ಎದುರಿನ ಕ್ಷೌರದಂಗಡಿಯ ಭಾವಮೈದನಿಗೆ ಮಾತ್ರ ಮೀನಿನ ಚಿತ್ರದ ನಾಲ್ಕನೆಯದೇ ದೇವರು. ಉಳಿದೆರಡನ್ನು ಇಬ್ಬರೂ ಅಪರೂಪದ ಒಮ್ಮತದಿಂದ ಮೂಲೆಗೆ ತಳ್ಳಿದ್ದರು.

"ಭಾವ, ನಿಮ್ಮ ಕೊಡೆ ತುಂಬ ಬರೀ ಗಲಾಟೆ. ಮೀನಲ್ಲಿ ಒಂದು ಹದ ಇದೆ," ಎನ್ನುತ್ತಿದ್ದ ಭಾವಮೈದ.

"ಹದವಂತೆ ಹದ! ಅದನ್ನ ಕೇಳಿದ್ರೆ ಆಕಳಿಕೆ ಬರುತ್ತೆ ಕಣೋ."

ಹೀಗೆ ಹತ್ತು ವರ್ಷ ಕಿತ್ತಾಡಿದ ಮೇಲೆ, ಪೋಸ್ಟ್‌ಮ್ಯಾನ್ ಒಂದು ದಿನ ಒಂದೇ ಅಳತೆಯ ನಾಲ್ಕು ಶರ್ಟಿಗೆ ಬಟ್ಟೆ ತಂದುಕೊಟ್ಟ. ಟೈಲರನ ತಲೆ ಓಡಿತು. ಒಂದೊಂದು ಆಲ್ಬಂ ಹಾಕಿಕೊಂಡು ಒಂದೊಂದು ಶರ್ಟು ಹೊಲಿಯುವುದು. ಯಾವ ಶರ್ಟು ಚೆಂದವೋ ಆ ಆಲ್ಬಂ ಗೆದ್ದಂತೆ. ತೀರ್ಪು ಅವನ ಹೆಂಡತಿಯದು. ಮನೆಯಲ್ಲಿ ಕೂತು ಗುಂಡಿ ಹಚ್ಚುವವಳು ಅವಳೇ. ಅವಳ ಕಣ್ಣಿಂದ ಒಂದು ಹೊಲಿಗೆಯೂ ತಪ್ಪಿಸಿಕೊಳ್ಳದು. ಬ್ಯಾಂಡಿನ ಗದ್ದಲ ಕಂಡರೇ ಅವಳಿಗಾಗದು, ಹಾಗಾಗಿ ಪಕ್ಷಪಾತದ ಮಾತೂ ಇಲ್ಲ. ಮೀನು ಗೆದ್ದರೆ ಭಾವಮೈದ ಟೈಲರನ ಮೀಸೆ ಬೋಳಿಸುವುದು. ಕೊಡೆ ಗೆದ್ದರೆ ಅವನು ತನ್ನಂಗಡಿಯಲ್ಲಿ ಒಂದು ವರ್ಷ ಕೊಡೆಯನ್ನೇ ಹಾಕುವುದು.

ಐದನೆಯ ದಿನ ಹೆಂಡತಿ ಅಂಗಡಿಗೆ ಬಂದು, ಇನ್ನೂ ಗುಂಡಿ ಹಚ್ಚದ ನಾಲ್ಕು ಶರ್ಟನ್ನೂ ಮೇಜಿನ ಮೇಲೆ ಹರಡಿದಳು. ಒಂದನ್ನೆತ್ತಿ ಉಗುರಿನಿಂದ ಹೊಲಿಗೆ ಸವರಿ, "ಇದಕ್ಕೆ ಹೆಸರಿಡೋ ಹಾಗಿಲ್ಲ" ಎಂದಳು. ಅದು ಮೀನಿನದು. ಭಾವಮೈದ ಜೇಬಿನಿಂದ ಟ್ರಿಮ್ಮರ್ ಹೊರತೆಗೆದ. ಟೈಲರ್ ಅಂಗೈಯಿಂದ ಮೀಸೆ ಮುಚ್ಚಿಕೊಂಡ.

ಕೊನೆಯ ಶರ್ಟು ಎತ್ತಿದವಳು ಹಾಗೇ ನಿಂತಳು. "ರೀ, ಇದೇನ್ರೀ? ಎರಡೂ ಎಡಗೈ ತೋಳೇ!"

ಅದೇ ಕೊಡೆಯದು. ಟೈಲರ್ ತಲೆ ತಗ್ಗಿಸಿದ. "ಆ ಗಿಟಾರ್ ಬಂದಾಗ ಕತ್ತರಿ ಎಲ್ಲಿ ಹೋಯ್ತೋ ಗೊತ್ತಾಗ್ಲಿಲ್ಲ ಕಣೇ."

"ಬನ್ನಿ ಭಾವ, ಕೂತ್ಕೊಳ್ಳಿ," ಎಂದ ಭಾವಮೈದ, ಬಾಯಿ ಕಿವಿಯವರೆಗೆ ಅಗಲಿಸಿ.

"ತಡಿಯೋ," ಎಂದಳು ಅವನಕ್ಕ. "ಮೀನು ಹಾಕ್ಕೊಂಡಾಗ ಇವರು ಶರ್ಟು ಹೊಲಿದಿದ್ದಾರೆ ಅಷ್ಟೇ, ಹಾಡು ಎಲ್ಲಿ ಕೇಳಿದ್ದಾರೆ? ಇವರ ಕೈ ತಪ್ಪಿದ್ದನ್ನ ನಾನು ಇಷ್ಟು ವರ್ಷದಲ್ಲಿ ಕಂಡಿಲ್ಲ. ಆ ಕೈನೇ ತಪ್ಪಿಸ್ತು ಅಂದ್ರೆ ಅದೇ ದೊಡ್ಡದು. ಕೊಡೆನೇ ಗೆದ್ದಿದ್ದು, ಹೋಗು."

ಬೈದಳೋ ಹೊಗಳಿದಳೋ ತಿಳಿಯದೆ ಟೈಲರನ ಕಣ್ಣು ತುಂಬಿ ಬಂತು. ಅವಳ ಮೇಲೆ ಅವತ್ತು ಬಂದಷ್ಟು ಪ್ರೀತಿ ಅವನಿಗೆ ಮದುವೆಯ ದಿನವೂ ಬಂದಿರಲಿಲ್ಲ.

"ಅನ್ಯಾಯ ಅಕ್ಕಾ! ಕಸುಬು ಗೊತ್ತಿದ್ದವನ ಕೈ ಹಾಡು ಕೇಳಿ ತಪ್ಪುತ್ತಾ ಎಲ್ಲಾದ್ರೂ?" ಎಂದು ಗೊಣಗುತ್ತ ಭಾವಮೈದ ಕೊಡೆಯ ಕ್ಯಾಸೆಟ್ ಎತ್ತಿಕೊಂಡು ಹೋದ.

ಮರುದಿನ ಟೈಲರ್ ಗೆದ್ದ ಗತ್ತಿನಲ್ಲಿ ಕ್ಷೌರದಂಗಡಿಯ ಕುರ್ಚಿಯೇರಿದ. "ಗಡ್ಡ ಮಾತ್ರ. ಮೀಸೆ ಹತ್ರ ಬಂದೀಯ, ಜೋಕೆ! ಹಾಕು ಕೊಡೆ."

ಭಾವಮೈದ ಮುಖ ಸಿಂಡರಿಸಿಕೊಂಡೇ ಹಾಕಿದ. ಎರಡನೆಯ ಹಾಡಿಗೆ ಅವನ ಪಾದ ತಾಳ ಹಿಡಿಯಿತು. ಮೂರನೆಯದಕ್ಕೆ ಭುಜವೂ ಸೇರಿಕೊಂಡಿತು. ನಾಲ್ಕನೆಯದರಲ್ಲಿ ಗಿಟಾರ್ ಬಂತು. ಟ್ರಿಮ್ಮರ್ ಗುರ್ರೆಂದಿತು.

ಕನ್ನಡಿಯಲ್ಲಿ ಎಡಗಡೆ ಮೀಸೆಯಿತ್ತು, ಬಲಗಡೆ ಬರೀ ತುಟಿಯಿತ್ತು. ಭಾವಮೈದನ ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು.

"ಭಾವ... ಗಿಟಾರ್ ಬಂತು..."

ಟೈಲರ್ ಬೋಳು ತುಟಿಯನ್ನೊಮ್ಮೆ ಸವರಿಕೊಂಡ. ಆಮೇಲೆ ಕುರ್ಚಿ ಅಲುಗಾಡುವಂತೆ ನಕ್ಕ.

"ಒಪ್ಕೊಂಡ್ಯಾ ಹಾಗಾದ್ರೆ? ಇನ್ನೊಂದು ಕಡೆನೂ ತೆಗಿ ಮತ್ತೆ. ಮೊದಲು ಕ್ಯಾಸೆಟ್ ಹಿಂದಕ್ಕೆ ತಿರುಗಿಸು, ಆ ಗಿಟಾರ್ ಇನ್ನೊಂದ್ಸಲ ಬರಲಿ."