ಒಣಗದ ತೇಗದ ನೆಲ
ಔರಾದಿನ ಆ ಹೊಸ ಮನೆಯ ಬರ್ಮಾ ತೇಗದ ನೆಲಕ್ಕೆ ನಾನು ಹೊಡೆದ ಪಾಲಿಶ್ ಮೂರು ದಿನವಾದರೂ ಒಣಗಿರಲಿಲ್ಲ. ಮುಟ್ಟಿದರೆ ಅಂಟುತ್ತಿತ್ತು. ಗೃಹಪ್ರವೇಶಕ್ಕೆ ಎರಡೇ ದಿನ ಉಳಿದಿತ್ತು. ಪಾಲಿಶಿಗೆ ಮೊದಲು ಮನೆಯೊಡೆಯನ ತಾಯಿ ಒಡೆದ ಹಿಮ್ಮಡಿಗೆ ಎಣ್ಣೆ ಹಚ್ಚಿಕೊಂಡು ಅಲ್ಲೆಲ್ಲ ಓಡಾಡಿದ್ದು ನೆನಪಾಗಿ ರೇಗಿಹೋಯಿತು.

"ಆಯೀ, ನಿಮ್ಮ ಎಣ್ಣಿ ಕಾಲಿಂದ ಎಲ್ಲಾ ಕೆಟ್ಟು ಹೋತ್ರಿ! ಹೊರಗ ನಡೀರಿ!"

ಅವರು ತಮ್ಮ ಹಿಮ್ಮಡಿ ನೋಡಿಕೊಂಡು ಹೊರಗೆ ಹೋದರು.

ಆಮೇಲೆ, ಯಾರೂ ತುಳಿಯದೆ ಮಿಕ್ಕಿದ್ದ ಹಲಗೆಯೊಂದನ್ನು ತಿನ್ನರ್ ಬಟ್ಟೆಯಿಂದ ಉಜ್ಜಿದೆ. ಬಟ್ಟೆಗೆ ಕಂದು ಜಿಡ್ಡು ಹತ್ತಿತು. ಎಣ್ಣೆ ತೇಗದ್ದೇ, ಮರದೊಳಗೇ ಇತ್ತು. ಅದನ್ನು ಒರೆಸದೆ ಪಾಲಿಶ್ ಹೊಡೆದವನು ನಾನು. ಯಾರಿಗೂ ಹೇಳದೆ ಎಲ್ಲ ಕೆರೆದು, ತಿನ್ನರಿನಲ್ಲಿ ಒರೆಸಿ, ಮತ್ತೆ ಹೊಡೆದೆ.

ಗೃಹಪ್ರವೇಶದ ಮುಂಜಾನೆ ನೆಲ ಒಣಗಿತ್ತು. ಆಯಿ ಹೊಸ್ತಿಲಾಚೆ ನಿಂತು, ಚೌಕಟ್ಟು ಹಿಡಿದು, ಕಾಲೆತ್ತಿ ಹಿಮ್ಮಡಿ ತೋರಿಸಿದರು.

"ಸಾಬೂನ್ ಹಚ್ಚಿ ತೊಳ್ಕೊಂಡೀನ್ರಿ. ಈಗ ಒಳಗ ಬರ್ಲೇನ್ರಿ?"