ಅಮಾವಾಸ್ಯೆಯ ಚಂದ್ರಗ್ರಹಣ

ನಾನು ಹುಟ್ಟಿದಾಗ ನನ್ನ ಮೇಲ್ತುಟಿ ಮೂಗಿನವರೆಗೆ ಸೀಳಿತ್ತು. ಐದು ತಿಂಗಳ ಕೂಸಾಗಿದ್ದಾಗ ಹಾಸನದಲ್ಲಿ ಹೊಲಿಸಿದರು. ಗುರುತು ಇನ್ನೂ ಇದೆ. ಬಾಗೂರಿನ ಹತ್ತಿರದ ನಮ್ಮೂರಲ್ಲಿ ಅದಕ್ಕೆ ಕಾರಣವೇನೆಂದು ಯಾರೂ ಡಾಕ್ಟರನ್ನು ಕೇಳಲಿಲ್ಲ. ಬಸುರಿಯಾಗಿದ್ದ ಅವ್ವ ಗ್ರಹಣದ ಹೊತ್ತಿನಲ್ಲಿ ಈಳಿಗೆಮಣೆ ಮುಂದೆ ಕೂತು ಕುಂಬಳಕಾಯಿ ಹೆಚ್ಚಿದ್ದಳು, ಅದಕ್ಕೇ ಮಗಳ ತುಟಿ ಸೀಳಿತು ಎಂದು ಊರೇ ತೀರ್ಮಾನಿಸಿತ್ತು. ಹಾಗೆಂದು ಮೊದಲು ಹೇಳಿದವಳು ಅಪ್ಪನ ಅಕ್ಕ, ನನ್ನ ಅತ್ತೆ. ನಮ್ಮ ಬೀದಿಯಲ್ಲೇ ನಾಲ್ಕು ಮನೆ ಆಚೆಗೆ ಇದ್ದಾಳೆ. ಮದುವೆ ಮನೆಯಿರಲಿ, ಸಾವಿನ ಮನೆಯಿರಲಿ, ನನ್ನ ಮುಖ ಕಂಡವರು ಅವ್ವನ ಕಡೆ ತಿರುಗಿ ಲೊಚಗುಟ್ಟುತ್ತಿದ್ದರು. ಅವ್ವ ತಲೆ ತಗ್ಗಿಸುತ್ತಿದ್ದಳು. ಒಂದು ದಿನವೂ ಎದುರು ಮಾತಾಡಲಿಲ್ಲ.

ನಾನು ಓದಿ ಚನ್ನರಾಯಪಟ್ಟಣದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನದ ಮೇಡಂ ಆದೆ. ವರ್ಷ ವರ್ಷವೂ ಬೋರ್ಡಿನ ಮೇಲೆ ಮೂರು ವೃತ್ತ ಬರೆದು, ಸೂರ್ಯ, ಭೂಮಿ, ಚಂದ್ರ ಒಂದೇ ಗೆರೆಗೆ ಬಂದರೆ ಏನಾಗುತ್ತದೆಂದು ಪಾಠ ಮಾಡಿದೆ. ಅವ್ವನಿಗೆ ಮಾತ್ರ ಯಾವತ್ತೂ ಹೇಳಲಿಲ್ಲ. ಹಳೆಯ ಗಾಯ ಕೆದಕಬಾರದು ಎಂದುಕೊಂಡಿದ್ದೆ. ಆ ನನ್ನ ನಯದ ಮೇಲೆ ಈಗ ನನಗೆ ಬರುವಷ್ಟು ಸಿಟ್ಟು ಇನ್ಯಾವುದರ ಮೇಲೂ ಬರುವುದಿಲ್ಲ.

ಕೆಲವು ವರ್ಷಗಳ ಕೆಳಗೆ ಒಂದು ಸೂರ್ಯಗ್ರಹಣ ಬೆಳಗಿನ ಹೊತ್ತಿನಲ್ಲೇ ಬಂತು. ಶಾಲೆಗೆ ರಜೆ ಇತ್ತು. ರಟ್ಟಿಗೆ ಸೂಜಿಯಲ್ಲಿ ತೂತು ಮಾಡಿ ಸೂರ್ಯನ ಬಿಂಬವನ್ನು ಗೋಡೆಯ ಮೇಲೆ ಬೀಳಿಸಿ ಮನೆಯವರಿಗೆ ತೋರಿಸೋಣವೆಂದು ಮೊದಲ ಬಸ್ಸಿಗೇ ಊರಿಗೆ ಹೋದೆ. ತಮ್ಮನ ಹೆಂಡತಿ ಆಗ ಆರು ತಿಂಗಳ ಬಸುರಿ. ಅವಳನ್ನು ಒಳಕೋಣೆಯಲ್ಲಿ ಕೂರಿಸಿ, ಕಿಟಕಿಗೆ ಗೋಣಿಚೀಲ ತುರುಕಿ, ಹೊರಗಿಂದ ಚಿಲಕ ಹಾಕಿದ್ದರು. ಹಾಕಿದವಳು ಅವ್ವ.

ನಾನು ಚಿಲಕ ತೆಗೆದೆ. ಹುಡುಗಿ ಬೆವೆತು ಗೋಡೆಗೆ ಒರಗಿದ್ದಳು.

"ಅಕ್ಕ, ಒಂದ್ ಲೋಟ ನೀರ್ ಕೊಡಕ್ಕ" ಅಂದಳು.

ನೀರು ತರಲು ತಿರುಗಿದರೆ ಅವ್ವ ಅಡ್ಡ ನಿಂತಿದ್ದಳು. "ಬಾಗ್ಲಾಕು. ನಿನ್ ತುಟೀನ ದಿನಾ ಕನ್ನಡೀಲಿ ನೋಡ್ಕೊಂಡೂ ಇಂಗಾಡ್ತೀಯಲ್ಲ. ನಾ ಮಾಡಿದ್ ತಪ್ಪ ಇವ್ಳೂ ಮಾಡ್ಬೇಕಾ?"

ನನ್ನ ಮೈ ಉರಿಯಿತು. "ಏನು ತಪ್ಪು ಮಾಡಿದ್ದೆ ನೀನು? ಯಾವತ್ತು ಹಿಡಿದಿತ್ತು ಆ ಗ್ರಹಣ? ದಿನ ಹೇಳು."

"ಮಾಲಯ ಅಮಾಸೆ. ಇರೀಕರ್ಗೆ ಎಡೆ ಇಡಾಕೆ ಅಡ್ಗೆ ಮಾಡ್ತಿದ್ದೆ. ಒತ್ತು ಮುಳುಗಿ ದೀಪ ಅಚ್ಚಾಗಿತ್ತು. ನೀನು ಉಟ್ಟಿದ್ ಮ್ಯಾಲೆ ನಿಮ್ಮತ್ತೆ ಅಂದ್ರು, ಅವತ್ತು ಚಂದ್ರಂಗೆ ಗ್ರಾಣ ಇಡ್ದಿತ್ತು ಅಂತ."

"ಅಮಾಸೆ ದಿನ ಚಂದ್ರ ಎಲ್ಲಿದ್ನವ್ವ?"

ಬಿತ್ತನೆಗೆ, ವ್ರತಕ್ಕೆ, ಬಾಣಂತಿ ಸ್ನಾನಕ್ಕೆ ಬೆರಳು ಮಡಿಚಿ ತಿಥಿ ಎಣಿಸುವ ಹೆಂಗಸು ಅವ್ವ. ಇದೊಂದು ದಿನವನ್ನು ಮಾತ್ರ ಎಣಿಸಿ ನೋಡಿರಲಿಲ್ಲ. ಬೋರ್ಡಿನ ಮುಂದೆ ನಿಲ್ಲುವ ನಾನೂ ಕೇಳಿರಲಿಲ್ಲ.

"ಚಂದ್ರಗ್ರಹಣ ಅಂದ್ರೆ ಭೂಮಿ ನೆರಳು ಚಂದ್ರನ ಮೇಲೆ ಬೀಳೋದು" ಅಂದೆ. ದನಿ ನನಗೆ ಗೊತ್ತಿಲ್ಲದಂತೆ ಏರಿತ್ತು. "ಸೂರ್ಯ ಈ ಕಡೆ, ಚಂದ್ರ ಆ ಕಡೆ, ನಡುವೆ ನಾವು. ಅದು ಹುಣ್ಣಿಮೆ ದಿನ ಮಾತ್ರ ಆಗೋದು. ಅಮಾಸೆ ದಿನ ಚಂದ್ರ ಸೂರ್ಯನ ಕಡೆಗೇ ಇರ್ತಾನೆ, ಅವನ ಜೊತೆಗೇ ಮುಳುಗ್ತಾನೆ. ಇವತ್ತೂ ಅಮಾಸೆನೇ. ನಮಗೂ ಸೂರ್ಯನಿಗೂ ನಡುವೆ ಬಂದು ನಿಂತಿದಾನೆ, ಅದಕ್ಕೇ ಈ ಗ್ರಹಣ."

"ಅಂಗಾರೆ ಅವತ್ತು?"

"ಅವತ್ತು ಏನೂ ಹಿಡಿದಿರಲಿಲ್ಲ. ಸೂರ್ಯನೂ ಮುಳುಗಿದ್ದ ಅಂತ ನೀನೇ ಹೇಳ್ತಿದೀಯ. ಹಿಡಿದಿದ್ರೂ ನೆರಳು ಯಾರ ತುಟೀನೂ ಸೀಳಲ್ಲವ್ವ."

ಅವ್ವ ತಾನೇ ಒಂದು ಚೊಂಬು ನೀರು ತಂದು ಸೊಸೆಯ ಕೈಗೆ ಕೊಟ್ಟಳು. ಆಮೇಲೆ ಬಾಗಿಲು ತೆಗೆದು ಬೀದಿಗಿಳಿದಳು. ಜನ್ಮದಲ್ಲಿ ಗ್ರಹಣದ ಹೊತ್ತಿಗೆ ಹೊಸಿಲು ದಾಟದವಳು. ಮೇಲೆ ನೋಡಬೇಡವೆನ್ನುತ್ತಾ ನಾನೂ ಹಿಂದೆ ಓಡಿದೆ. ಬಿಸಿಲು ಬಣ್ಣಗೆಟ್ಟಿತ್ತು. ಹೊಂಗೆ ಮರದ ಕೆಳಗೆ, ಎಲೆಗಳ ಸಂದಿಯಿಂದ ಬಿದ್ದ ಬೆಳಕೆಲ್ಲ ಸಣ್ಣ ಸಣ್ಣ ಕುಡುಗೋಲಿನಂತೆ ಬಾಗಿತ್ತು. ಅವ್ವ ಅದನ್ನು ತುಳಿದುಕೊಂಡೇ ನಡೆದಳು.

ಅತ್ತೆಯ ಬಾಗಿಲು ಬಡಿದಳು. "ಗ್ರಾಣದಾಗೆ ಯಾರೇ ಅದು?" ಒಳಗಿನಿಂದ ದನಿ ಬಂತು.

"ನಾನು ಕಣತ್ಗೆ. ಆ ಮಾಲಯ ಅಮಾಸೆ ದಿನ ಚಂದ್ರ ಎಲ್ಲಿದ್ದ, ಯೋಳಿ."

ಬಾಗಿಲು ನಾಲ್ಕು ಬೆರಳಷ್ಟು ತೆರೆಯಿತು. ಅವ್ವ ಮತ್ತೆ ಅದನ್ನೇ ಕೇಳಿದಳು. ಅತ್ತೆ ನನ್ನನ್ನೂ ಅವ್ವನನ್ನೂ ನೋಡಿ, "ಯಾವ್ ಕಾಲದ್ದು ಕಣೆ ಅದು. ಏನಾರ ಒಂದು ಕಾರ್ಣ ಬೇಕು ಅಂತ ಎಲ್ರೂ ಕೇಳ್ತಿದ್ರು. ನಾನೂ ಒಂದ್ ಮಾತು ಅಂದೆ. ಈಗ್ಯಾಕದು, ಒಳೀಕ್ ಓಗು" ಅಂದಳು.

ಒಂದು ಮಾತು. ಅವ್ವನ ಯೌವನ ಪೂರ್ತಿ ತಿಂದದ್ದು ಅದು. ನಾನು ಬಾಯಿಗೆ ಬಂದದ್ದೆಲ್ಲ ಅಂದುಬಿಟ್ಟೆ. ಹಿರಿಯಳೆಂದೂ ನೋಡಲಿಲ್ಲ, ಅದಕ್ಕಾಗಿ ಇವತ್ತಿಗೂ ಪಶ್ಚಾತ್ತಾಪವಿಲ್ಲ. ಅವ್ವ ಮಾತ್ರ, "ಇನ್ಮ್ಯಾಕೆ ನನ್ ಮನೆ ಒಸ್ಲು ತುಳೀಬ್ಯಾಡಿ" ಎಂದಷ್ಟೇ ಹೇಳಿ ತಿರುಗಿದಳು.

ದಾರಿಯಲ್ಲಿ ನನ್ನನ್ನು ಕೇಳಿದಳು: "ಇದು ನಿಂಗೆ ಯಾವಾಗಿಂದ ಗೊತ್ತಿತ್ತು?"

"ಹೈಸ್ಕೂಲಿಂದ."

"ಮತ್ಯಾಕೆ ಯೋಳ್ಲಿಲ್ಲ?"

ಎರಡು ದಿನ ಅವಳು ನನ್ನೊಡನೆ ಮಾತು ಬಿಟ್ಟಳು.

ಮೂರು ತಿಂಗಳಿಗೆ ತಮ್ಮನಿಗೆ ಮಗಳು ಹುಟ್ಟಿದಳು, ತುಟಿ ನೆಟ್ಟಗಿತ್ತು. ಗ್ರಹಣದ ದಿನ ಬಸುರಿಯನ್ನು ಒಂದೆರಡು ಗಂಟೆಯಾದರೂ ಕತ್ತಲಲ್ಲಿ ಕೂರಿಸಿದ್ದಕ್ಕೇ ಕೂಸು ಬಚಾವಾಯಿತು ಎಂದು ಅತ್ತೆ ಬೀದಿ ತುಂಬ ಹೇಳಿಕೊಂಡು ಬಂದಳು. ಬೀದಿ ನಂಬಿತು.